ಯಾವಾಗ ಕೊಡೋಣ ವಿಟಮಿನ್ ಸಿ?

ಐಸಿಯು ಆಶ್ರಮವಲ್ಲ, ನಿಜ. ಆದರೂ ಅಲ್ಲಿ ಇಂದುಧರ ಡಾಕ್ಟರು ಗುರು, ಎರಡನೇ ವರ್ಷದ ಪಿ.ಜಿ. ಚಿನ್ಮಯಿ ಶಿಷ್ಯೆ.

ಬೆಳಗಿನ ರೌಂಡ್ಸ್ ನಡೆದಿತ್ತು. ನಾಲ್ಕನೇ ಬೆಡ್‌ನಲ್ಲಿ ನೀಲವ್ವ. ತೊಡೆಯಲ್ಲಿ ಕುರು ಎದ್ದು, ಸೋಂಕು ರಕ್ತಕ್ಕಿಳಿದು, ಬಿ.ಪಿ. ಕುಸಿಯುತ್ತಿತ್ತು. ಆಂಟಿಬಯಾಟಿಕ್ ಹೋಗುತ್ತಿತ್ತು, ಬಿ.ಪಿ. ಏರಿಸುವ ಔಷಧಿಯೂ ಹೋಗುತ್ತಿತ್ತು. ಸಂಜೆಯೊಳಗೆ ಸುಧಾರಿಸದಿದ್ದರೆ ಆಕೆ ಉಳಿಯುವುದು ಕಷ್ಟವಿತ್ತು.

"ಸರ್, ವಿಟಮಿನ್ ಸಿ ಯಾವಾಗ ಶುರು ಮಾಡೋಣ?" ಚಿನ್ಮಯಿ ಕೇಳಿದಳು. ಇದು ಮೂರನೇ ಸಲ.

"ಯಾಕಮ್ಮ?"

"ಸೆಪ್ಟಿಕ್ ಶಾಕ್‌ನಲ್ಲಿ ಆಕ್ಸಿಜನ್‌ನಿಂದ ಹುಟ್ಟೋ ವಿಷಕಣಗಳು ಹೆಚ್ಚಾಗಿ ಜೀವಕೋಶಗಳನ್ನೇ ಹಾಳು ಮಾಡುತ್ತವೆ ಸರ್. ವಿಟಮಿನ್ ಸಿ ಅದನ್ನ ತಡೆಯಬಹುದು ಅಂತಾರೆ. ರಾಶಿ ಪೇಪರ್ ಓದಿದೀನಿ. ಕೆಲವು ಹೌದು ಅಂತಾವೆ, ಕೆಲವು ಇಲ್ಲ ಅಂತಾವೆ."

"ಕೀವು ತೆಗೆಸಿದೆಯಾ?"

"ಸರ್ಜರಿಯವರು ಬಂದು ನೋಡಬೇಕು ಅಂತ ಕೇಸ್ ಶೀಟ್‌ನಲ್ಲಿ ಬರೆದಿದೀನಿ ಸರ್."

"ಯಾವಾಗ?"

"ನಿನ್ನೆ ಬೆಳಗ್ಗೆ."

"ಬಂದರಾ?"

"ಇಲ್ಲ ಸರ್. ಮತ್ತೊಂದ್ಸಲ ಬರೆದೆ. ಕೆಂಪು ಇಂಕಿನಲ್ಲಿ."

ಬರೆದುಬಿಟ್ಟರೆ ಆಯಿತು, ಕೀವು ಓದಿಕೊಂಡು ತಾನೇ ಹೊರಗೆ ಬರುತ್ತದೆ! ಈ ರೋಗಕ್ಕೆ ಯಾವ ಪೇಪರಿನಲ್ಲೂ ಮದ್ದಿಲ್ಲ.

ಗುರುಗಳು ಹಣೆ ಚಚ್ಚಿಕೊಂಡರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದೀಯಲ್ಲ ತಾಯಿ."

ಹಾಗೆಂದವರೇ ಬಗ್ಗಿ ಬೆಡ್ಡಿನ ಬ್ರೇಕ್ ಬಿಚ್ಚಿದರು. ತಾವೇ ತಳ್ಳತೊಡಗಿದರು.

"ಸರ್, ಸರ್ಜರಿಯವರಿನ್ನೂ ಉತ್ತರ ಬರೆದಿಲ್ಲ."

"ಆಕ್ಸಿಜನ್ ಹಿಡ್ಕೋ. ಔಷಧಿ ಪಂಪ್ ನೋಡ್ಕೋ. ನಡಿ."

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಸರ್ಜನ್ ಗಾಬರಿಯಾದರು. "ಕೇಸ್ ಶೀಟ್ ಎಲ್ಲಿ ಸರ್?"

"ಕೇಸ್ ಶೀಟ್ ಚೆನ್ನಾಗೇ ಇದೆ. ಇವರನ್ನ ನೋಡಿ."

ಸರ್ಜನ್ ತೊಡೆ ಮುಟ್ಟಿ ನೋಡಿದರು. ಕೂಡಲೇ ಒಳಗೆ ಕರೆದೊಯ್ದು ಕುರು ಕೊಯ್ದರು. ಅರ್ಧ ಬೇಸಿನ್ ಕೀವು ಬಂತು.

ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ಕುಸಿಯುವುದು ನಿಂತಿತು. ಸಂಜೆ ನಿಧಾನಕ್ಕೆ ಏರಿತು. ನೀಲವ್ವ ಕಣ್ಣು ಬಿಟ್ಟು, "ನೀರು ಕೊಡವ್ವ" ಎಂದಳು.

ಚಿನ್ಮಯಿ ಹತ್ತಿ ಅದ್ದಿ ಆಕೆಯ ತುಟಿ ಒದ್ದೆ ಮಾಡಿದಳು. ಅವಳಿಗೆ ಅಳುವೇ ಬಂದಿತ್ತು, ನಾಚಿಕೆಯೂ ಆಗಿತ್ತು. ಆದರೂ ಕೇಳದೆ ಇರಲಾಗಲಿಲ್ಲ.

"ಸರ್, ಒಂದು ಮಾತು ಹೇಳಿಬಿಡಿ. ವಿಟಮಿನ್ ಸಿ ಕೆಲಸ ಮಾಡುತ್ತಾ, ಇಲ್ವಾ?"

ಗುರುಗಳು ಕೈ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿದರು.

"ನನಗೂ ಗೊತ್ತಿಲ್ಲ ಕಣಮ್ಮ. ಗೊತ್ತಿರೋದನ್ನೆಲ್ಲ ಮಾಡಿ ಮುಗಿಸಿದ ದಿನ ಬಾ, ಗೊತ್ತಿಲ್ಲದ್ದನ್ನ ಕೂತು ಮಾತಾಡೋಣ."