ಬಂದರಿನಲ್ಲಿ ಕೂಗಿದ ಊರಿನ ಹೆಸರು

"ಒಂದು ದೇಶಕ್ಕೆ ಹೋಗುವ ಮೊದಲು ಆ ದೇಶದ ಬಗ್ಗೆ ಏನೇನು ತಿಳಿದಿರಬೇಕು, ಗುರುಗಳೇ?"

ಹೀಗೆ ಕೇಳಿದವನು ಗುರುಪಾದ. ಜಾವಾ ದ್ವೀಪದ ಹಳೆಯ ಶಿವಾಲಯಗಳ ಶಾಸನಗಳನ್ನು ಓದಿಕೊಂಡು ಬರಲು ನಮ್ಮ ಮಠವು ಅವನನ್ನು ಒಂದು ವರ್ಷದ ಮಟ್ಟಿಗೆ ಕಳುಹಿಸುತ್ತಿತ್ತು. ವೀಸಾ ಬಂದಿತ್ತು. ಹೊರಡಲು ಐದು ದಿನ ಉಳಿದಿತ್ತು. ವಾರದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂದು ಬೆಳಗಿನ ಪೂಜೆ ಮುಗಿಯುತ್ತಲೇ, ಜಗಲಿಯಲ್ಲಿ ಒರಗಿದ್ದ ಯಾರೋ ಪರಸ್ಥಳದವರ ಗಂಟನ್ನು ದಾಟಿಕೊಂಡು ಒಳಗೆ ಬಂದು, ಗುರುಗಳ ಮುಂದೆ ತನ್ನ ನೋಟ್‌ಬುಕ್ ಬಿಚ್ಚಿದ. ಅಲ್ಲಿನ ಮಳೆಗಾಲ, ನಾಣ್ಯ, ಹಬ್ಬಗಳು, ಬಸ್ಸಿನ ದಾರಿ, ಯಾವ ಕೈಯಲ್ಲಿ ಕೊಡಬೇಕು, ಯಾರ ತಲೆ ಮುಟ್ಟಬಾರದು, ಎಲ್ಲವೂ ಅದರಲ್ಲಿತ್ತು.

"ಇಷ್ಟು ಬರೆದಿದ್ದೇನೆ. ಆದರೂ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತಲೇ ಇದೆ. ಅಲ್ಲಿ ಇಳಿದ ಮೇಲೆ ಅದು ಗೊತ್ತಾದರೆ ಏನು ಮಾಡಲಿ?"

ಗುರುಗಳು ನಿಧಾನವಾಗಿ ಪುಟ ತಿರುವಿದರು. "ಅಕ್ಷರ ದುಂಡಗಿವೆ, ತಮ್ಮಾ," ಎಂದರು. ನೋಟ್‌ಬುಕ್ ಮಡಚಿ ಅವನ ಕೈಗಿಟ್ಟರು. ಶಿವನನ್ನು ನೆನೆದು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಹೆಂಡತಿಯ ಕಣ್ಣಿಗೆ ಮಂಜು ಕವಿಯತೊಡಗಿತು. ಊರಿನ ವೈದ್ಯ ಪರೀಕ್ಷಿಸಿ, "ಇದು ನನ್ನ ಕೈಯಲ್ಲಿಲ್ಲ. ಕಡಲಾಚೆಯ ನಾಡಿನಲ್ಲಿ ಒಂದು ಅಂಜನ ಸಿಗುತ್ತದೆ. ವರ್ಷದೊಳಗೆ ತಂದು ಹಚ್ಚಿದರೆ ಕಣ್ಣು ಉಳಿಯುತ್ತವೆ. ಆಮೇಲೆ ಹಚ್ಚಿ ಫಲವಿಲ್ಲ," ಎಂದ.

ವರ್ತಕನಿಗೆ ಹೆದರಿಕೆ ಹತ್ತಿತು. ಕಾಣದ ನಾಡು. ಅಲ್ಲಿ ತಾನೊಂದು ಹೆಜ್ಜೆ ತಪ್ಪಿದರೆ ಇಲ್ಲಿ ಎರಡು ಕಣ್ಣು ಹೋಗುತ್ತವೆ. ಹಡಗು ಹೊರಡಲು ಆರು ತಿಂಗಳಿತ್ತು. ಆ ಆರು ತಿಂಗಳೂ ಅವನು ಆ ನಾಡಿಗೆ ಹೋಗಿ ಬಂದವರನ್ನು ಸುತ್ತಲ ಊರುಗಳಲ್ಲಿ ಹುಡುಕಿ ಹುಡುಕಿ ಕೇಳಿದ. ಅಲ್ಲಿ ದೊರೆ ಯಾರು, ನೀರು ಎಂಥದು, ಯಾವ ತಿಂಗಳಲ್ಲಿ ಜ್ವರ ಬರುತ್ತದೆ, ಎದುರಾದವರಿಗೆ ಏನೆಂದು ವಂದಿಸಬೇಕು. ಕೇಳಿದ್ದನ್ನೆಲ್ಲ ಓಲೆಯಲ್ಲಿ ಬರೆದ. ಓಲೆಯ ಕಟ್ಟು ಮೊಣಕಾಲೆತ್ತರ ಬೆಳೆಯಿತು. "ಅಲ್ಲೇನು ಹೆಣ್ಣು ನೋಡಿದ್ದೀರಾ, ಇಷ್ಟೊಂದು ವಿಚಾರಣೆ?" ಎಂದು ಹೆಂಡತಿ ನಕ್ಕಳು. ಅವನು ನಗಲಿಲ್ಲ.

ಒಂದು ಮಧ್ಯಾಹ್ನ ಅವನು ಬರೆಯುತ್ತಿರುವಾಗ ಯಾರೋ ಜಗಲಿಗೆ ಬಂದು ನಿಂತರು. ನಡೆದು ಬಳಲಿದ ದನಿ, ತಡವರಿಸುವ ಭಾಷೆ. ಕುಡಿಯಲು ಏನಾದರೂ ಬೇಕೆಂದರು. ವರ್ತಕ ತಿರುಗಿ ನೋಡಲಿಲ್ಲ. ನೋಡಿದರೆ ಬರೆಯುತ್ತಿದ್ದ ಸಾಲು ತಪ್ಪುತ್ತಿತ್ತು. "ಕೆಲಸದಲ್ಲಿದ್ದೇನಪ್ಪ, ಮುಂದಿನ ಮನೆ ನೋಡು," ಎಂದ.

ಹಡಗು ಹೊರಟಿತು. ನಲವತ್ತು ದಿನ ಕಳೆದು ಆ ನಾಡಿನ ಬಂದರು ಕಂಡಿತು. ವರ್ತಕ ಇಳಿಯಲು ಕಾಲೆತ್ತಿದಾಗ ಬಂದರಿನ ಹಿರಿಯನೊಬ್ಬ ಕೈ ಅಡ್ಡ ಹಿಡಿದು, ಯಾವ ಊರೆಂದು ಕೇಳಿದ. ವರ್ತಕ ಹೇಳಿದ.

"ಹಾಗಾದರೆ ಹಡಗಿನಲ್ಲೇ ಇರಿ. ನಿಮ್ಮ ಊರಿನ ಹೆಸರನ್ನು ಮೂರು ಬೆಳಗು ಪೇಟೆಯಲ್ಲಿ ಕೂಗಿಸುತ್ತೇವೆ. ಆ ಊರಿನಲ್ಲಿ ಒಂದು ಗುಟುಕು ಕುಡಿದವರು ನಮ್ಮಲ್ಲಿ ಯಾರಿದ್ದರೂ ಬಂದು ಕೈ ಹಿಡಿದು ಇಳಿಸುತ್ತಾರೆ. ಯಾರೂ ಬಾರದಿದ್ದರೆ ನೀವು ಬಂದ ದಾರಿ ಹಿಡಿಯಬೇಕು. ಇದು ನಮ್ಮ ಹಿರಿಯರ ಕಟ್ಟಳೆ."

ವರ್ತಕ ಓಲೆಗಳನ್ನು ಬಿಚ್ಚಿ ಹುಡುಕಿದ. ಈ ಕಟ್ಟಳೆ ಎಲ್ಲಿಯೂ ಇರಲಿಲ್ಲ. ಅವನಿಗೆ ಸುದ್ದಿ ಹೇಳಿದವರಿಗೆಲ್ಲ ಅಲ್ಲಿ ಗುರುತಿನವರಿದ್ದರು. ಹಡಗು ನಿಂತ ಗಳಿಗೆಯಲ್ಲೇ ಯಾರಾದರೂ ಬಂದು ಅವರ ಕೈ ಹಿಡಿದಿದ್ದರು. ಅದನ್ನೊಂದು ಕಟ್ಟಳೆ ಎಂದು ಅವರು ಎಣಿಸಿಯೇ ಇರಲಿಲ್ಲ.

ಮೊದಲ ಬೆಳಗು ಕೂಗಿದರು. ಯಾರೂ ಬರಲಿಲ್ಲ. ಎರಡನೆಯ ಬೆಳಗೂ ಕೂಗಿದರು. ಬೇರೆ ಬೇರೆ ಊರುಗಳಿಂದ ಜೊತೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಇಳಿದುಹೋಗಿ, ಹಡಗಿನ ಅಂಚು ಹಿಡಿದು ಅವನೊಬ್ಬನೇ ಉಳಿದ. ಅಂಜನ ಮಾರುವ ಬೀದಿ ಅಲ್ಲಿಂದಲೇ ಕಾಣುತ್ತಿತ್ತು. ತನ್ನ ಊರಿನ ಹೆಸರು ಕೇಳಿಬಂದಾಗಲೆಲ್ಲ ಅವನ ಕಣ್ಣಿಗೆ ತನ್ನ ಜಗಲಿಯೇ ಕಟ್ಟುತ್ತಿತ್ತು. ಅಲ್ಲಿ ಯಾರು ಯಾರು ಬಂದು ನಿಂತಿದ್ದರು? ಒಂದು ಮುಖವೂ ನೆನಪಾಗಲಿಲ್ಲ. ದೇವರಿಗೆ ಮುಗಿಯಲು ಎತ್ತಿದ ಕೈಯನ್ನು, ಏನೆಂದು ಬೇಡಲಿ ಎಂದು ತಿಳಿಯದೆ ಹಾಗೆಯೇ ಇಳಿಸಿದ. ನಾವು ಬೇಡುವುದಕ್ಕೆ ಎಷ್ಟೋ ಮೊದಲೇ ಶಿವ ಕೊಟ್ಟಿರುತ್ತಾನೆಂಬುದು ಆ ಬಡಪಾಯಿಗೆ ಆಗ ತಿಳಿದಿರಲಿಲ್ಲ.

ಮೂರನೆಯ ಬೆಳಗು ನಾವಿಕರು ಹಗ್ಗ ಬಿಚ್ಚುತ್ತಿದ್ದರು. ಪೇಟೆಯ ಕಡೆಯಿಂದ ಒಬ್ಬ ಮನುಷ್ಯ ಏದುಸಿರು ಬಿಡುತ್ತ ಬಂದ.

"ಹಳ್ಳಿಗೆ ಹೋಗಿದ್ದೆ, ಈಗಷ್ಟೇ ಕೇಳಿದೆ. ಆ ಊರಿನಲ್ಲಿ ನಾನು ಕುಡಿದಿದ್ದೇನೆ."

"ಏನು ಕುಡಿದೆ?" ಎಂದು ಹಿರಿಯ ಕೇಳಿದ.

"ಮಜ್ಜಿಗೆ. ಉಪ್ಪು ಎರಡು ಸಲ ಬಿದ್ದಿತ್ತು. ಒಬ್ಬ ತಾಯಿ ಹಿತ್ತಲ ಬಾಗಿಲಿನಿಂದ ಗೋಡೆ ತಡವಿಕೊಂಡು ಬಂದು ಕೊಟ್ಟರು. ಕಣ್ಣು ಮಂಜು ಅಂತ ಕಾಣುತ್ತದೆ. ನನ್ನ ಕೈ ಎಲ್ಲಿದೆ ಅಂತ ಹುಡುಕಿ ಚೆಂಬು ಹಿಡಿಸಿದರು."

"ಆ ಮನೆಯ ಯಜಮಾನರು ಇವರೇನು?"

ಆ ಮನುಷ್ಯ ವರ್ತಕನನ್ನೂ ಅವನ ಪಕ್ಕದ ಓಲೆಯ ಕಟ್ಟನ್ನೂ ನೋಡಿದ. "ಯಜಮಾನರು ಏನೋ ಬರೆಯುತ್ತಿದ್ದರು. ನಾನು ಬೆನ್ನು ನೋಡಿದ್ದೇನೆ, ಮುಖ ನೋಡಿಲ್ಲ. ಊರಂತೂ ಅದೇ," ಎಂದು ಕೈ ಚಾಚಿದ.

ವರ್ತಕ ಆ ಕೈ ಹಿಡಿದು ಇಳಿದ. ಓಲೆಯ ಕಟ್ಟು ಹಡಗಿನಲ್ಲೇ ಉಳಿಯಿತು.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ತಡೆಯಲಾಗಲಿಲ್ಲ.

"ಆ ತಾಯಿಯ ಕಣ್ಣು ಉಳಿದವೇ?"

"ಉಳಿದವು. ಶಿವ ಅಷ್ಟು ಕಠಿಣನಲ್ಲ," ಎಂದರು ಗುರುಗಳು. ಬಾಗಿಲಾಚೆಯ ಜಗಲಿಯ ಕಡೆ ನೋಡಿದರು. ಬಳಿಕ ಮೆಲ್ಲನೆ ಕೇಳಿದರು:

"ಈಗ ನೀನು ದಾಟಿಕೊಂಡು ಬಂದೆಯಲ್ಲ, ಆ ಗಂಟು ಯಾವ ಊರಿನವರದು, ಗುರುಪಾದ?"