ಗಂಟಿಲ್ಲದ ಹಗ್ಗ

ಬೊಮ್ಮಣ್ಣ ಗುರುತಾಯಿಯನ್ನು ಕೇಳಿದ: "ತಾಯಿ, ಆಡಬಾರದ ಮಾತು ಆಡಿ ಅಕ್ಕನನ್ನು ದೂರ ಮಾಡಿಕೊಂಡೆ. ಈಗ ಅವಳು ಹಾಸಿಗೆ ಹಿಡಿದಿದ್ದಾಳೆ. ಬಾ ಎಂದು ಎರಡು ಸಲ ಹೇಳಿಕಳಿಸಿದ್ದಾಳೆ. ಕ್ಷಮೆ ಕೇಳಲು ತಕ್ಕ ಮಾತು ನನಗಿನ್ನೂ ಸಿಕ್ಕಿಲ್ಲ. ಸಿಗುವವರೆಗೆ ಹೋಗುವುದನ್ನು ಮುಂದೂಡಿದರೆ ತಪ್ಪೇ?"

ಗುರುತಾಯಿ ಕತೆ ಹೇಳಿದಳು.

ಹಗ್ಗ ಹೊಸೆಯುವವನೊಬ್ಬನಿದ್ದ. ಅವನ ಹಗ್ಗ ಹಿಡಿದು ಬಾವಿ ತೋಡುವವನೊಬ್ಬ ದಿನವೂ ಕೆಳಗಿಳಿಯುತ್ತಿದ್ದ. ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಮನುಷ್ಯನನ್ನು ಇಳಿಸುವ ಹಗ್ಗವನ್ನು ಹೊಸೆದವನೇ ಉದ್ದ ಮಾಡಬೇಕು. ಬೇರೆ ಯಾರೂ ಅದಕ್ಕೆ ತುಂಡು ಸೇರಿಸುವಂತಿಲ್ಲ. ಒಂದು ಜೀವಕ್ಕೆ ಒಬ್ಬನೇ ಹೊಣೆ ಇರಲಿ ಎಂದು ಹಿರಿಯರು ಹಾಗೆ ಮಾಡಿದ್ದರು.

ಬಾವಿ ಆಳವಾಯಿತು. ಹಗ್ಗ ತಳ ಮುಟ್ಟದಾಯಿತು.

"ಇನ್ನೆರಡು ಮಾರು ಗಂಟು ಹಾಕಿಕೊಡೋ ಮಾರಾಯ" ಎಂದ ತೋಡುವವನು.

"ನಾನೇನು ದನ ಕಟ್ಟುವ ಹಗ್ಗ ಮಾಡುವವನೇ? ನನ್ನ ಹಗ್ಗದಲ್ಲಿ ಗಂಟು ಕಂಡವರಿಲ್ಲ. ಉದ್ದನೆಯದನ್ನೇ ಹೊಸದಾಗಿ ಹೊಸೆಯುತ್ತೇನೆ. ಮೂರು ದಿನ ತಾಳು."

"ಸರಿ, ಅಲ್ಲಿವರೆಗೆ ನಾನೇ ಉದ್ದವಾಗುತ್ತೇನೆ" ಎಂದು ತೋಡುವವನು ನಕ್ಕ. ತಳದಲ್ಲಿ ನೀರಿನ ಪಸೆ ಕಂಡಿತ್ತು. ಕೆಲಸ ನಿಲ್ಲಿಸಲು ಅವನಿಗೂ ಮನಸ್ಸಿರಲಿಲ್ಲ. ಮಣ್ಣಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ನಿಂತು ಹಗ್ಗ ಹಿಡಿಯತೊಡಗಿದ.

ನಾರು ಸರಿಯಾಗಿ ನೆನೆದಿಲ್ಲವೆಂದು ಹೊಸೆಯುವವನಿಗೆ ಅನಿಸಿತು. ಮೂರು ದಿನ ಐದಾಯಿತು. ತೋಡುವವನು ಕೇಳಿದಾಗಲೆಲ್ಲ ಒಳ್ಳೆಯ ನಾರು ಯಾವುದು, ಕೆಟ್ಟದ್ದು ಯಾವುದು ಎಂದು ಮಾತು ಬೆಳೆಸಿದ. ಐದು ದಿನ ಎಂಟಾಯಿತು. ಅಂದು ಹಗ್ಗ ಮುಗಿಯುವುದರಲ್ಲಿತ್ತು. ತುದಿಯ ಎಳೆ ಕೊಂಚ ಸಡಿಲವೆಂದು ಕಂಡಿತು. ಅದನ್ನು ಬಿಚ್ಚಿ ಮತ್ತೆ ಹೊಸೆಯಲು ಕುಳಿತ. ಆಗ ಬಾವಿಯ ಕಡೆಯಿಂದ ಜನರ ಕೂಗು ಕೇಳಿತು.

ಬರಿಗೈಯಲ್ಲಿ ಓಡಿದ. ತಳದ ಮರಳು ಸಡಿಲಾಗಿ ಬುಟ್ಟಿ ಹೂತುಹೋಗಿತ್ತು. ತೋಡುವವನು ಸೊಂಟದವರೆಗೆ ಹುದುಗಿದ್ದ. ಗೋಡೆಯಿಂದ ಮಣ್ಣು ಉದುರುತ್ತಿತ್ತು. ಹೊಸೆಯುವವನು ಹಳೆಯ ಹಗ್ಗ ಹಿಡಿದು ಸರಸರನೆ ಇಳಿದ. ತುದಿಗೆ ಕಾಲು ಸುತ್ತಿ, ತಲೆಕೆಳಗಾಗಿ ಜೋತು, ಕೈ ಚಾಚಿದ. ತೋಡುವವನೂ ಚಾಚಿದ. ಇಬ್ಬರ ಬೆರಳುಗಳ ನಡುವೆ ಒಂದು ಗೇಣು ಉಳಿಯಿತು.

"ರುಮಾಲು ಬಿಚ್ಚಿ ಇಳಿಬಿಡೋ!" ಎಂದು ತೋಡುವವನು ಕೂಗಿದ.

ಹೊಸೆಯುವವನು ತಲೆಗೆ ಕೈ ಹಾಕುವಷ್ಟರಲ್ಲಿ ಗೋಡೆ ಕುಸಿಯಿತು. ಮೇಲಿದ್ದವರು ಹಗ್ಗ ಎಳೆದರು. ಹೊಸೆಯುವವನೊಬ್ಬನೇ ಮೇಲೆ ಬಂದ.

ಗುರುತಾಯಿ ಮಾತು ನಿಲ್ಲಿಸಿದಳು. ಬೊಮ್ಮಣ್ಣ ಕೇಳಿದ: "ತಾಯಿ, ಆ ಹೊಸ ಹಗ್ಗ ಏನಾಯಿತು?"

"ಒಂದು ಗಂಟೂ ಇರಲಿಲ್ಲ ಮಗು, ಮಾರನೆಯ ದಿನ ಹೆಣ ಮೇಲೆತ್ತಿದ್ದು ಅದರಲ್ಲೇ."