ಗಾಳೆವ್ವ ಬೈದ ಕಣಿವೆ

ನಮ್ಮ ಹಿರೇಕುಂಟಿಯಿಂದ ಪಡುವಣಕ್ಕೆ ಹೊರಟರೆ ಹೊಲ ಮುಗಿದ ಕೂಡಲೇ ಗುಡ್ಡ ಶುರುವಾಗುತ್ತದೆ. ಮಣ್ಣಿನ ಗುಡ್ಡವಲ್ಲ. ಎತ್ತಿನಷ್ಟು, ಮನೆಯಷ್ಟು, ಕೆಲವು ಕಡೆ ಒಂದು ಓಣಿಯಷ್ಟು ದೊಡ್ಡ ಬಂಡೆಗಳನ್ನು ಯಾರೋ ಚೀಲ ಬಿಚ್ಚಿ ಸುರಿದು ಹೋದ ಹಾಗೆ ಒಂದರ ಮೇಲೊಂದು ಬಿದ್ದಿವೆ. ಅವುಗಳ ನಡುವೆ ಹಾವಿನಂತೆ ಒಂದು ದಾರಿ. ಎದುರಿಗೆ ಎಮ್ಮೆ ಬಂದರೆ ಮನುಷ್ಯ ಬಂಡೆಗೆ ಬೆನ್ನು ಹಚ್ಚಿ ನಿಂತುಕೊಳ್ಳಬೇಕು, ಅಷ್ಟು ಇಕ್ಕಟ್ಟು. ಇದೇ ಬೈಗುಳದ ಕಣಿವೆ. ಪರಸ್ಥಳದವರು ಯಾರಾದರೂ ಮೊದಲ ಸಲ ಬಂದರೆ ಒಳಗಿನಿಂದ ಕೇಳುವ ಬೈಗುಳಕ್ಕೆ ಗಾಬರಿಬಿದ್ದು ಜಗಳ ಬಿಡಿಸಲು ಓಡುತ್ತಾರೆ. ಓಡಿ ನೋಡಿದರೆ ಜಗಳವೂ ಇಲ್ಲ, ಏನೂ ಇಲ್ಲ. ಕೊಡ ಹೊತ್ತ ನಾಲ್ಕಾರು ಹೆಂಗಸರು ಸಾಲಾಗಿ ಬರುತ್ತಿರುತ್ತಾರೆ. ಸೊಸೆ ಅತ್ತೆಗೆ, ಅತ್ತೆ ಸೊಸೆಗೆ, ಇಬ್ಬರೂ ಸೇರಿ ಗಂಡಸರಿಗೆ ಎದೆ ತುಂಬಿ ಬೈಯುತ್ತಿರುತ್ತಾರೆ, ಮುಖದಲ್ಲಿ ಮಾತ್ರ ಹಬ್ಬದ ಕಳೆ. ದಾರಿ ಮುಗಿಯುವಲ್ಲಿ ಒಂದು ಒರತೆ, ಒರತೆಯ ಪಕ್ಕ ಒಂದು ಕುಳಿಗಲ್ಲು. ಅಲ್ಲಿ ನಿಂತು ಎಲ್ಲರೂ ಬಾಯಿ ಮುಕ್ಕಳಿಸಿ ಉಗುಳುತ್ತಾರೆ. ಅಲ್ಲಿಗೆ ಬೈದದ್ದು ಮುಗಿಯಿತು. ಮನೆಗೆ ಹೋಗಿ ಯಾರೂ ಅದರ ಮಾತೆತ್ತುವಂತಿಲ್ಲ. ಈ ಸುತ್ತಿನಲ್ಲಿ ಗುಡಿ ಇದ್ದ ಊರು ಬೇಕಾದಷ್ಟಿವೆ, ಕೋಟೆ ಇದ್ದ ಊರೂ ಇವೆ. ಆದರೆ ಬೈಯುವುದಕ್ಕೇ ಒಂದು ಜಾಗ ಇಟ್ಟುಕೊಂಡ ಊರು ಭೂಮಿಯ ಮೇಲೆ ನಮ್ಮದೊಂದೇ. ನಾನೇ ಪ್ರಾಯದಲ್ಲಿ ಒಂದು ಸಲ ಈ ಕಣಿವೆಯಲ್ಲಿ ನನ್ನ ಭಾವಮೈದುನನಿಗೆ ಬೈದ ರಭಸಕ್ಕೆ ಬಂಡೆಯ ಮೇಲಿನ ಜೇನುಗೂಡು ಖಾಲಿಯಾಗಿ, ಹುಳಗಳು ಇವತ್ತಿಗೂ ಆ ಬಂಡೆಗೆ ಮರಳಿಲ್ಲ. ನಂಬದವರಿಗೆ ಆ ಬಂಡೆಯನ್ನು ತೋರಿಸಲು ಸಿದ್ಧನಿದ್ದೇನೆ.

ಹಿಂದೆ ಒಮ್ಮೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲು ಕಾಣದಿದ್ದ ಕಾಲದಲ್ಲಿ, ಹಿರೇಕುಂಟಿಯಷ್ಟು ಮೌನದ ಊರು ಎಲ್ಲಿಯೂ ಇರಲಿಲ್ಲ ಎನ್ನುತ್ತಾರೆ. ಗೋಡೆಯ ಮೇಲೆ ಇರುವೆ ನಡೆದರೆ ಪಕ್ಕದ ಮನೆಗೆ ಕೇಳುತ್ತಿತ್ತಂತೆ. ನಾಯಿಗಳು ಬೊಗಳಬೇಕೆನ್ನಿಸಿದರೆ ಊರ ಹೊರಗೆ ಹೋಗಿ ಬೊಗಳಿ ಬರುತ್ತಿದ್ದವಂತೆ. ಅದಕ್ಕೆ ಕಾರಣ ಕರಡಿ. ಊರೊಳಗಿನ ಬಾವಿಯ ನೀರು ಸವುಳು, ಬೇಳೆ ಬೇಯುವುದಿಲ್ಲ, ಕುಡಿದರೆ ಬಾಯಾರಿಕೆ ಇನ್ನೂ ಹೆಚ್ಚು. ಸೀನೀರು ಬೇಕೆಂದರೆ ಕಣಿವೆ ದಾಟಿ ಒರತೆಗೆ ಹೋಗಬೇಕು. ಕಣಿವೆಯ ಎರಡೂ ಕಡೆಯ ಗವಿಗಳಲ್ಲಿ ಕರಡಿಗಳ ಸಂಸಾರ. ಹಿಂದಿನವರು ಒಂದು ಲೆಕ್ಕ ಹಾಕಿದ್ದರು. ಕರಡಿಗೆ ಕಣ್ಣು ಮಂದ, ಆದ್ದರಿಂದ ಅದು ಸದ್ದು ಹಿಡಿದುಕೊಂಡು ಬರುತ್ತದೆ, ಸದ್ದೇ ಮಾಡದಿದ್ದರೆ ಬರುವುದಿಲ್ಲ. ಹೀಗಾಗಿ ಹೆಂಗಸರು ಕಾಲಂದುಗೆಗೆ ಅರಿವೆ ಸುತ್ತಿ ನಡೆಯುತ್ತಿದ್ದರು. ಎತ್ತಿನ ಕೊರಳ ಗಂಟೆಗೆ ಹುಲ್ಲು ತುರುಕುತ್ತಿದ್ದರು. ಕೆಮ್ಮು ಇದ್ದವರನ್ನು ಕಣಿವೆಗೆ ಬಿಡುತ್ತಿರಲಿಲ್ಲ. ಆದರೂ ವರ್ಷಕ್ಕೆ ಯಾರಾದರೊಬ್ಬರು ಮುಖ ಹರಿಸಿಕೊಂಡು ಬರುತ್ತಿದ್ದರು. ಬಂದಾಗಲೆಲ್ಲ ಹಿರಿಯರು ಕಟ್ಟೆಯ ಮೇಲೆ ಕೂತು, ಇವನು ಜೋರಾಗಿ ಉಸಿರು ಬಿಟ್ಟಿರಬೇಕು ಎಂದು ತೀರ್ಮಾನಿಸಿ, ಮೌನವನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದರು. ಪಾಪ, ಕರಡಿಯ ಕಷ್ಟವನ್ನು ಯಾರೂ ಕೇಳಲಿಲ್ಲ. ಅದು ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರಲು ಕೂತರೆ ಮೈಮೇಲೆ ಎಚ್ಚರ ಇರುವುದಿಲ್ಲ. ಹಾಗೆ ಹೀರುತ್ತಾ ತಲೆ ಎತ್ತಿದಾಗ ಮೂಗಿನ ಮುಂದೆ ಸದ್ದಿಲ್ಲದೆ ಒಬ್ಬ ಮನುಷ್ಯ ನಿಂತಿದ್ದರೆ ಏನು ಮಾಡೀತು? ಹೆದರಿ ಕೈಯೆತ್ತುತ್ತದೆ. ಅದರ ಕೈಯಲ್ಲಿ ಉಗುರಿರುವುದು ಅದರ ತಪ್ಪಲ್ಲ.

ಈ ಮೌನವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ನಡೆಸುತ್ತಿದ್ದವಳು ಸಂಕವ್ವ ಎಂಬ ವಿಧವೆ. ಅವಳ ಗಂಡ ಭರಮಪ್ಪನನ್ನು ಕಣಿವೆಯಲ್ಲಿ ಕರಡಿ ಕೊಂದಿತ್ತು. ಅವತ್ತು ಅವನಿಗೆ ಕೆಮ್ಮು ಇತ್ತು, ಮನೆಯಲ್ಲಿ ನೀರು ಇರಲಿಲ್ಲ. ಹೋಗಲೇಬೇಕಾಗಿ ಬಂದಾಗ ಸಂಕವ್ವ ತನ್ನ ಸೆರಗಿನ ಅಂಚು ಹರಿದು, ಕೆಮ್ಮು ಹೊರಗೆ ಬಾರದಂತೆ ಅವನ ಬಾಯಿಗೆ ತನ್ನ ಕೈಯಾರೆ ಕಟ್ಟಿ ಕಳಿಸಿದ್ದಳು. ಅಷ್ಟು ಬಿಗಿಯಾಗಿ ಕಟ್ಟಿದರೂ ಎಲ್ಲೋ ಒಂದು ಕೆಮ್ಮು ನುಸುಳಿತು, ಅದಕ್ಕೇ ಹೋದರು ಎಂದು ಅವಳು ನಂಬಿದ್ದಳು. ಅಂದಿನಿಂದ ಅವಳ ಮನೆಯಲ್ಲಿ ಸೌಟು ಪಾತ್ರೆಗೆ ತಾಗುವಂತಿರಲಿಲ್ಲ. ಇಂಥ ಮನೆಗೆ ಸೊಸೆಯಾಗಿ ಬಂದವಳು ಗಾಳೆವ್ವ, ಹೊಳೆದಂಡೆಯ ಹರಿಗೋಲಿನವರ ಮಗಳು. ಈ ದಡದಲ್ಲಿ ನಿಂತು ಆ ದಡದ ಅಂಬಿಗನನ್ನು ಕೂಗಿ ಕರೆಯುವ ಮಂದಿ ಅವರು. ಪಿಸುಮಾತು ಎಂಬುದೊಂದಿದೆ ಎಂದೇ ಅವರಿಗೆ ಗೊತ್ತಿಲ್ಲ. ಗಾಳೆವ್ವ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಕಾಲಿಂದ ತಳ್ಳಿ, 'ಬಂದ್ನಿರಿ ಅತ್ತಿ' ಎಂದಳಂತೆ. ಒಳಗೆ ಹೆಪ್ಪುಗಟ್ಟಿದ್ದ ಮೊಸರು ಒಡೆದು ಹೋಯಿತು. ಮೂರು ಗುಡ್ಡದ ಆಚೆ ಮೇಯುತ್ತಿದ್ದ ಕುರಿಗಳು ತಮ್ಮನ್ನೇ ಕರೆದರೆಂದು ತಿಳಿದು ಸಂಜೆಯ ಹೊತ್ತಿಗೆ ಬಾಗಿಲಿಗೆ ಬಂದು ನಿಂತವು. ಗಾಳೆವ್ವ ನಮ್ಮ ಮನೆತನದ ಮೂಲದ ಹೆಂಗಸು, ಆದ್ದರಿಂದ ಇದನ್ನು ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಮನೆಯಲ್ಲಿ ಅವಳಿಗೆ ಬಾಯಿ ತೆರೆಯಲು ಆಸ್ಪದವಿರಲಿಲ್ಲ. ಗಂಡ ಯಮನೂರ ಒಳ್ಳೆಯವನು, ಆದರೆ ಅವ್ವನ ಎದುರು ನೆರಳಿನಂತಿದ್ದವನು. ಹೀಗಾಗಿ ಗಾಳೆವ್ವ ಇಡೀ ದಿನದ ಮಾತನ್ನು ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡು, ಬೆಳಿಗ್ಗೆ ನೀರಿಗೆ ಹೋಗುವಾಗ ಕಣಿವೆಯಲ್ಲಿ ಯಾರೂ ಇಲ್ಲದ್ದು ನೋಡಿ ಬಂಡೆಗಳ ಮುಂದೆ ಬಿಚ್ಚುತ್ತಿದ್ದಳು. ಅತ್ತೆ ಉಪ್ಪಿನ ಗಡಿಗೆಯ ಮೇಲೆ ಕೈಗುರುತು ನೋಡುವುದು, ರೊಟ್ಟಿಯ ಬುಟ್ಟಿಯನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗುವುದು, ಎಲ್ಲವನ್ನೂ ಹೆಸರಿಟ್ಟು ಬೈದು, ಒರತೆಯ ನೀರು ಕುಡಿದು, ಹಗುರಾಗಿ ಮನೆಗೆ ಬರುತ್ತಿದ್ದಳು. ಕರಡಿ ಎಂದರೆ ಕಪ್ಪೋ ಬಿಳುಪೋ ಅವಳಿಗೆ ಗೊತ್ತಾಗಲೇ ಇಲ್ಲ. ಅವಳ ದನಿ ಕಣಿವೆಯ ಬಾಯಿಗೆ ಬರುವಷ್ಟರಲ್ಲಿ ಕರಡಿಗಳು ಮರಿ ಕಟ್ಟಿಕೊಂಡು ಗುಡ್ಡದ ಆ ಮಗ್ಗುಲಿಗೆ ಹೋಗಿರುತ್ತಿದ್ದವು. ಆದರೆ ಕುರಿ ಕಾಯುವ ದ್ಯಾವಪ್ಪ ಒಂದು ದಿನ ಮೇಲಿನಿಂದ ಇದನ್ನು ಕೇಳಿ, ಊರಿಗೆ ಬಂದು ಪಿಸುಪಿಸು ಎಂದು ಎಲ್ಲರಿಗೂ ಹೇಳಿದ.

ಹಿರಿಯರು ಕಟ್ಟೆಗೆ ಕೂಡಿದರು. ಇಡೀ ಊರು ಉಸಿರು ಹಿಡಿದು ಬದುಕುತ್ತಿರುವಾಗ ಇವಳೊಬ್ಬಳು ಕರಡಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಾಳೆ ಎಂದು ಅವರಿಗೆ ನಡುಕ ಹುಟ್ಟಿತು. ಇನ್ನೊಂದು ಸಲ ಕಣಿವೆಯಲ್ಲಿ ಅವಳ ದನಿ ಎದ್ದರೆ ತವರಿಗೆ ಕಳಿಸಬೇಕು, ಮತ್ತೆ ಕರೆತರಬಾರದು ಎಂದು ಗೌಡ ತೀರ್ಪು ಕೊಟ್ಟ. ಗಾಳೆವ್ವನ ತವರಿನಲ್ಲಿ ಅವ್ವ ತೀರಿಹೋಗಿದ್ದಳು, ಇದ್ದದ್ದು ಅತ್ತಿಗೆಯರ ಕೈಯ ಕೂಳು. ಯಮನೂರನನ್ನು ಬಿಟ್ಟಿರುವ ಮನಸ್ಸೂ ಅವಳಿಗಿರಲಿಲ್ಲ. ಎಷ್ಟು ನೆರಳಿನಂತಿದ್ದರೂ ಅವನು ಅವಳ ನೆರಳಾಗಿದ್ದ. ಅವಳು ಗೌಡನ ಮುಂದೆ ಬಾಯಿ ಮುಚ್ಚಿ ತಲೆ ಆಡಿಸಿದಳು.

ಮರುದಿನ ಸೊಸೆಯ ಮೇಲೆ ನಂಬಿಕೆ ಸಾಲದೆ ಸಂಕವ್ವ ತಾನೂ ಕೊಡ ಎತ್ತಿಕೊಂಡಳು. ಕಣಿವೆಯ ಬಾಯಿಯಲ್ಲಿ ನಿಲ್ಲಿಸಿ, ಸೆರಗಿನ ಅಂಚು ಹರಿದು, ಗಾಳೆವ್ವನ ಬಾಯಿಗೆ ತಾನೇ ಕಟ್ಟಿದಳು. ಅವತ್ತು ಭರಮಪ್ಪನಿಗೆ ಕಟ್ಟಿದ ಗಂಟೇ ಅದು. ಗಾಳೆವ್ವ ಮುಂದೆ, ಸಂಕವ್ವ ಹಿಂದೆ, ಸದ್ದಿಲ್ಲದೆ ನಡೆದರು. ವರ್ಷದುದ್ದಕ್ಕೂ ಬೈಗುಳ ಕೇಳಿ ಏಳುವ ರೂಢಿಯಾಗಿದ್ದ ಕರಡಿಗಳಿಗೆ ಅವತ್ತು ಬೆಳಗಾದದ್ದೇ ತಿಳಿಯಲಿಲ್ಲ. ನಡುದಾರಿಯ ತಿರುವಿನಲ್ಲಿ ಒಂದು ತಾಯಿಕರಡಿ ಹುತ್ತದೊಳಗೆ ಮೂತಿ ತೂರಿಸಿ ಕೂತಿತ್ತು, ಪಕ್ಕದಲ್ಲಿ ಎರಡು ಮರಿ. ಇವರು ತಿರುವು ದಾಟಿದಾಗ ಅದರ ಬೆನ್ನಿನ ಕೂದಲು ಕೈಗೆ ಸಿಗುವಷ್ಟು ಹತ್ತಿರವಾಗಿದ್ದರು. ಕರಡಿ ತಲೆ ಎತ್ತಿತು, ಬೆಚ್ಚಿತು, ಹಿಂಗಾಲ ಮೇಲೆ ಎದ್ದು ನಿಂತಿತು. ಎದ್ದಾಗ ಅದರ ತಲೆ ಮೇಲಿನ ಬಂಡೆಗೆ ತಾಗಿ ಬಂಡೆ ಒಂದು ಬೆರಳು ಸರಿಯಿತು ಎನ್ನುತ್ತಾರೆ. ಗಾಳೆವ್ವ ಕದಲಲಿಲ್ಲ. ಬಾಯಿಯ ಅರಿವೆಗೆ ಕೈ ಹಾಕಲಿಲ್ಲ. ಹಿಂದಿರುಗಿ ಅತ್ತೆಯ ಮುಖವನ್ನಷ್ಟೇ ನೋಡಿದಳು. ಆ ನೋಟದಲ್ಲಿ ಸಂಕವ್ವನಿಗೆ ಏನು ಕಂಡಿತೋ. ಬಾಯಿಗೆ ಕಟ್ಟಿಸಿಕೊಂಡು, ಕಣ್ಣಲ್ಲೇ ಹೇಳಿ ಹೋದ ಗಂಡನೇ ತಿರುಗಿ ನೋಡಿದ ಹಾಗಾಯಿತು ಎಂದು ಅವಳು ಆಮೇಲೆ ಹೇಳುತ್ತಿದ್ದಳಂತೆ. ಬೈಯುವಾಗ ಬಾರದ ಕರಡಿ ಬಾಯಿ ಕಟ್ಟಿದ ದಿನವೇ ಬಂದಿತ್ತು. ಕೊಡ ಕೆಳಗೆ ಬಿತ್ತು. ಅವಳು ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿದಳು.

'ಬೈಯಿ' ಎಂದಳು.

'ಬೈದ್ರ ತವರಿಗೆ ಕಳಸ್ತೀರಿ.'

'ಕಳಸಂಗಿಲ್ಲ.'

'ಹಿರೇರು ಅದಾರಲ್ರಿ?'

'ಅವರನ್ನ ನನಗ ಬಿಡು. ನೀ ಬೈಯಿ ಮದ್ಲ.'

'ಏನಂತ ಬೈಲಿರಿ ಅತ್ತಿ? ನನಗ ನಿಮಗ ಬೈಯೋದಷ್ಟ ಬರ್ತೈತಿ.'

'ಅದನ್ನ ಬೈಯೇ, ನನ್ನವ್ವ.'

ಗಾಳೆವ್ವ ಕರಡಿಯ ಕಡೆ ತಿರುಗಿ ಶುರು ಮಾಡಿದಳು. ಉಪ್ಪಿನ ಗಡಿಗಿಗೆ ಕಾವಲು ಕುಂತ ಸರ್ಪ, ಎಂದಳು. ರೊಟ್ಟಿ ಎಣಿಸಿ ಎಣಿಸಿ ಬೆರಳು ಸವೆಸಿಕೊಂಡಾಕಿ, ಮಗ ನಕ್ಕರ ಮುಖ ಹುಣಸೇಹಣ್ಣು ಮಾಡಾಕಿ, ಎಂದಳು. ಒಂದು ವರ್ಷದಿಂದ ಬಂಡೆಗಳ ಮುಂದೆ ತಿದ್ದಿ ತೀಡಿ ಇಟ್ಟ ಮಾತುಗಳು, ಒಂದೂ ತಡವರಿಸಲಿಲ್ಲ. ಆ ಕರಡಿ ಉಪ್ಪಿನ ಗಡಿಗೆ ಕಂಡದ್ದಿಲ್ಲ, ರೊಟ್ಟಿ ಎಣಿಸಿದ್ದಿಲ್ಲ. ತನ್ನದಲ್ಲದ ತಪ್ಪಿಗೆ ಇಷ್ಟು ಬೈಸಿಕೊಂಡು ಅದರ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಗಾಳೆವ್ವ ಬೈಯುತ್ತಲೇ ಒಂದೊಂದು ಹೆಜ್ಜೆ ಹಿಂದೆ ಸರಿದು, ಅತ್ತೆಯನ್ನೂ ಬೆನ್ನಿನಿಂದ ಹಿಂದಕ್ಕೆ ದೂಡಿ, ಅದಕ್ಕೆ ದಾರಿ ಬಿಟ್ಟಳು. ಇದು ಮುಖ್ಯ ಮಾತು, ಇದನ್ನು ನಮ್ಮೂರಲ್ಲಿ ಹಾಲುಹಲ್ಲಿನ ಕೂಸಿಗೂ ಕಲಿಸುತ್ತೇವೆ. ಬೈಯಬೇಕು, ಆದರೆ ದಾರಿ ಕಟ್ಟಬಾರದು. ಕರಡಿ ಕೈ ಇಳಿಸಿತು, ಬಾಗಿತು. ಮರಿಗಳೆರಡೂ ಅದರ ಬೆನ್ನು ಹತ್ತಿ ಕೂದಲು ಹಿಡಿದುಕೊಂಡವು. ಹೊತ್ತುಕೊಂಡು ಅದು ಬಂಡೆಗಳ ಸಂದಿನಲ್ಲಿ ಮೇಲೇರಿ ಹೋಯಿತು. ಬೈಗುಳ ಮಾತ್ರ ಬಂಡೆಯಿಂದ ಬಂಡೆಗೆ ಬಡಿಯುತ್ತಾ ಮಧ್ಯಾಹ್ನದವರೆಗೆ ಕಣಿವೆಯಲ್ಲೇ ತಿರುಗುತ್ತಿತ್ತಂತೆ. ಕುರಿ ಮೇಯಿಸಲು ಹೊರಟ ದ್ಯಾವಪ್ಪ ಅದು ತನಗೇ ಅಂದುಕೊಂಡು ಕುರಿ ಹಿಂದಕ್ಕೆ ಹೊಡೆದುಕೊಂಡು ಹೋದ.

ಇಬ್ಬರೂ ಒರತೆಯ ಬಳಿ ಬಂದು ಕೂತರು. ಸಂಕವ್ವ, 'ಹುಣಸೇಹಣ್ಣು ಅಂದ್ಯಲ್ಲ, ಅದು ನನಗ ಹೌದಿಲ್ಲ?' ಎಂದಳು. 'ಹೌದ್ರಿ' ಎಂದಳು ಗಾಳೆವ್ವ. ಸಂಕವ್ವ ನಗಲು ಹೋದಳು, ಆದರೆ ಬಂದದ್ದು ಅಳು. 'ಅವರು ಕೆಮ್ಮಲಿಲ್ಲ ಅಂತ ಸತ್ರು, ಗಾಳೆವ್ವ. ಬಾಯಿ ನಾನ ಕಟ್ಟಿದ್ದೆ. ಬಿಟ್ಟಿದ್ರ ಕೆಮ್ಮಿಕೋತ ಹೋಗಿ ಕೆಮ್ಮಿಕೋತ ಬರ್ತಿದ್ರು.' ಗಾಳೆವ್ವ ಬೊಗಸೆಯಲ್ಲಿ ನೀರು ಹಿಡಿದು ಅತ್ತೆಯ ಮುಖ ತೊಳೆದಳು. ಸಂಕವ್ವ ಕಣ್ಣೊರೆಸಿಕೊಂಡು, ಕುಳಿಗಲ್ಲನ್ನು ತೋರಿಸಿ, 'ನೀ ಬಾಯಿ ಮುಕ್ಕಳಿಸು. ಬೈದದ್ದೆಲ್ಲ ಇಲ್ಲೇ ಉಗುಳು. ಮನಿಗೆ ಹೊತ್ಕೊಂಡು ಬರಬ್ಯಾಡ' ಎಂದಳು. ಮರಳುವಾಗ ಕಣಿವೆಯೊಳಗೆ ಮೊದಲು ದನಿ ತೆಗೆದವಳು ಸಂಕವ್ವ. ಗಂಡನಿಗೆ ಬೈದಳು. ನಾ ಕಟ್ಟಿದ್ರ ನೀ ಯಾಕ ಕಟ್ಟಿಸ್ಕೊಂಡಿ, ಇಷ್ಟು ವರ್ಷ ನನ್ನ ಒಬ್ಬಾಕಿನ್ನ ಯಾಕ ಬಿಟ್ಟಿ ಎಂದು ತಿರುವಿನಿಂದ ತಿರುವಿಗೆ ಬೈಯುತ್ತಾ ನಡೆದಳು. ಗಾಳೆವ್ವ ಹಿಂದಿನಿಂದ ಹೂಂಗುಟ್ಟುತ್ತಾ ಬಂದಳು.

ಕಟ್ಟೆಯ ಮೇಲೆ ಹಿರಿಯರು ಕಾಯುತ್ತಿದ್ದರು. ಕಣಿವೆಯ ದನಿ ಊರಿಗೂ ಕೇಳಿದ್ದರಿಂದ ಗಾಳೆವ್ವನನ್ನು ತವರಿಗೆ ಬಿಟ್ಟುಬರಲು ಆಳು ಗೊತ್ತು ಮಾಡಿದ್ದರು. ಹೊಳೆದಂಡೆಗೆ ಹೋಗುವ ದಾರಿಯೂ ಆ ಕಣಿವೆಯೇ. ಸಂಕವ್ವ ಅವರ ಮುಂದೆ ನಿಂತು, 'ಕಳಸ್ರಿ. ಆದ್ರ ನೀವ ಮುಂದ ನಿಂತು ಕರ್ಕೊಂಡು ಹೋಗ್ರಿ, ಸದ್ದು ಮಾಡದಂಗ. ಗೌಡ್ರ ಬಾಯಿ ನಾನ ಕಟ್ಟತೀನಿ' ಎಂದು ಕೈಯಲ್ಲಿದ್ದ ಅರಿವೆ ತುಂಡು ಚಾಚಿದಳು. ಗೌಡ ಅರಿವೆ ನೋಡಿದ, ಗುಡ್ಡ ನೋಡಿದ. 'ಇರ್ಲಿ ಬಿಡವ್ವ, ಹೊಸ ಹುಡುಗಿ' ಎಂದು ಒಳಗೆ ಹೋದ. ಮಾರನೆಯ ದಿನದಿಂದ ಊರಿನ ಹೆಂಗಸರೆಲ್ಲ ಗಾಳೆವ್ವನ ಹಿಂದೆ ಬೈಯುತ್ತಾ ನೀರಿಗೆ ಹೋದರು, ತಿಂಗಳೊಪ್ಪತ್ತಿನಲ್ಲಿ ಗಂಡಸರೂ ಕಲಿತರು. ಆಮೇಲೆ ಹಿರೇಕುಂಟಿಯಲ್ಲಿ ಕರಡಿ ಹರಿದ ಮುಖ ಕಾಣಲಿಲ್ಲ.

ಈಗ ಬಂದವರಿಗೆ ಮೊದಲು ಕಾಣುವುದು ಅರಣ್ಯ ಇಲಾಖೆಯ ಹಳದಿ ಫಲಕ: 'ಕರಡಿಗಳಿರುವ ಪ್ರದೇಶ, ಗುಂಪಾಗಿ, ಮಾತನಾಡುತ್ತಾ ಸಾಗಿ.' ಅದನ್ನು ಅವರು ಕಲಿತದ್ದು ನಮ್ಮಿಂದಲೇ, ಹೆಸರು ಹಾಕುವುದನ್ನು ಮರೆತಿದ್ದಾರೆ. ಹೊತ್ತು ಮುಳುಗಿದ ಮೇಲೆ ಕಣಿವೆ ಕರಡಿಯದು, ನಾವು ಯಾರೂ ಕಾಲಿಡುವುದಿಲ್ಲ. ದಾರಿಬದಿಯ ಹುತ್ತವನ್ನು ಕೆಡವುವುದಿಲ್ಲ. ಗುಡ್ಡದ ಆ ಮಗ್ಗುಲಿನ, ಕರಡಿಯ ಪಾಲಿನ ಸೀತಾಫಲಕ್ಕೆ ಬುಟ್ಟಿ ಒಯ್ಯುವುದಿಲ್ಲ. ಮೇಲಿನ ಬಂಡೆ ಒಂದು ಬೆರಳು ಸರಿದ ಗುರುತು ಹಾಗೆಯೇ ಇದೆ. ಕುಳಿಗಲ್ಲು ಊರಿನ ಬೈಗುಳವೆಲ್ಲ ಬಿದ್ದು ಬಿದ್ದು ಮೊಳಕಾಲುದ್ದ ಸವೆದಿದೆ. ಕಣಿವೆಯ ಬಾಯಿಯ ಕಾರೆಗಿಡದ ತುಂಬ ಅರಿವೆ ತುಂಡುಗಳು ತೂಗುತ್ತವೆ. ಹೊಸ ಸೊಸೆ ಬಂದಾಗ ಅತ್ತೆ ಅವಳ ಬಾಯಿಗೆ ಸೆರಗಿನ ಅಂಚು ಕಟ್ಟಿ ಇಲ್ಲಿಯವರೆಗೆ ಕರೆತಂದು, ತನ್ನ ಕೈಯಾರೆ ಬಿಚ್ಚಿ, ಆ ಗಿಡಕ್ಕೆ ಕಟ್ಟಬೇಕು. ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗನ ಹೆಂಡತಿ ಬಂದಳು, ಮಾತು ಕಡಿಮೆಯ ಹುಡುಗಿ. ನನ್ನ ಸೊಸೆ ಗಂಟು ಬಿಚ್ಚಿ, 'ಬೈಯಿ' ಎಂದಳು. ಹುಡುಗಿ ನೆಲ ನೋಡಿದಳು, ಗಿಡ ನೋಡಿದಳು. ನಾವೆಲ್ಲ ಬಿಸಿಲಲ್ಲಿ ನಿಂತು ಕಾದೆವು. ಕಡೆಗೆ ಅವಳು ಅತ್ತೆಯ ಕಡೆ ನೋಡದೆ, 'ಸಾರಿಗೆ ಉಪ್ಪು ಇನ್ನ ಸ್ವಲ್ಪ ಹಾಕಬಹುದಿತ್ತು' ಎಂದಳು. 'ಇಷ್ಟಕ್ಕ ಇಲಿನೂ ಓಡಂಗಿಲ್ಲ, ಜೋರ ಬೈಯವ್ವ' ಎಂದಳು ನನ್ನ ಸೊಸೆ. ಹುಡುಗಿ ಕಣ್ಣು ಮುಚ್ಚಿ ಅದನ್ನೇ ಇನ್ನೊಮ್ಮೆ, ಎದೆ ತುಂಬಿ ಕೂಗಿದಳು. ಉಪ್ಪು, ಉಪ್ಪು ಎಂದು ಬಂಡೆಗಳೆಲ್ಲ ಹೇಳಿದವು. ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ ಕರಡಿಯೊಂದು ಎದ್ದು, ಮೈ ಕೊಡವಿ, ನಮಗೆ ದಾರಿ ಬಿಟ್ಟು ಆ ಮಗ್ಗುಲಿಗೆ ಇಳಿಯಿತು.